ಐಕ್ಯೂ 84 ಬಂದ ಹುಡುಗ ದಡ್ಡನೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಗನಿಗೆ 13 ವರ್ಷ. ಏಳನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ. ಕ್ಲಾಸಿಗೆ ಎರಡನೆಯವನೋ ಮೂರನೆಯವನೋ ಆಗಿರುತ್ತಿದ್ದ. ಈ ಜೂನ್‌ನಲ್ಲಿ ಶಿವಮೊಗ್ಗದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಎಂಟನೇ ತರಗತಿಗೆ ಸೇರಿಸಿ ನನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದೇವೆ. ಎರಡು ಟೆಸ್ಟ್ ಆದವು, ಎರಡರಲ್ಲೂ ಗಣಿತ, ವಿಜ್ಞಾನ ಹೋಗಿದೆ. ಶಾಲೆಯವರು ಹೇಳಿದ್ದಕ್ಕೆ ಐಕ್ಯೂ ಪರೀಕ್ಷೆ ಮಾಡಿಸಿದೆವು. 84 ಬಂದಿದೆ, ‘ಸರಾಸರಿಗಿಂತ ಕಡಿಮೆ’ ಎಂದು ಬರೆದುಕೊಟ್ಟಿದ್ದಾರೆ. ಊರಲ್ಲಿದ್ದಾಗ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಅವನೇ ಬಿಚ್ಚಿ ಕಟ್ಟುತ್ತಿದ್ದ, ಅಡಿಕೆ ತೂಕದ ಲೆಕ್ಕ ಬಾಯಲ್ಲೇ ಹೇಳುತ್ತಿದ್ದ. ಈಗ ಫೋನ್ ಮಾಡಿದರೆ ಮಾತೇ ಆಡುವುದಿಲ್ಲ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಮನೆಯಲ್ಲೂ ಸಾಲದ ಚಿಂತೆ. ಬುದ್ಧಿ ಹುಟ್ಟಿನಿಂದಲೇ ಇಷ್ಟು ಅಂತ ಇರುತ್ತದೆಯೇ? ಮನೆಯಲ್ಲಿ ಎಲ್ಲರೂ ‘ಅವನ ಮಂಡೆಗೆ ಹತ್ತಲ್ಲ, ವಾಪಸ್ ಕರೆಸಿ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಏಪ್ರಿಲ್‌ವರೆಗೆ ಚೆನ್ನಾಗಿ ಓದುತ್ತಿದ್ದ ಹುಡುಗನ ಬುದ್ಧಿ ಆಗಸ್ಟ್ ಹೊತ್ತಿಗೆ ಕರಗುವುದಿಲ್ಲ. ಹಾಗಾಗಬೇಕಾದರೆ ತಲೆಗೆ ದೊಡ್ಡ ಪೆಟ್ಟು ಬಿದ್ದಿರಬೇಕು, ಮಿದುಳು ಜ್ವರ ಬಂದಿರಬೇಕು. ಅಂಥದ್ದೇನೂ ಆಗಿಲ್ಲವಾದರೆ ಬದಲಾಗಿರುವುದು ಅವನು ಓದುವ ಭಾಷೆ, ಮಲಗುವ ಮನೆ, ಕಿವಿಗೆ ಬೀಳುವ ಮಾತು. ಇವು ಮೂರೂ ಸೇರಿ, ಇರುವ ಬುದ್ಧಿಯನ್ನು ಬಳಸುವುದಕ್ಕೇ ಅವನಿಗೆ ಆಸ್ಪದ ಕೊಡುತ್ತಿಲ್ಲ ಎಂದು ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ಇದನ್ನು ಊಹೆಯಾಗಿ ಬಿಡದೆ ಪರೀಕ್ಷಿಸಿ ನೋಡಲು ದಾರಿಗಳಿವೆ.

ಮೊದಲು ಆ 84ರ ವಿಷಯ. ಒಂದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಇಟ್ಟುಕೊಂಡು ಐಕ್ಯೂ ಲೆಕ್ಕ ಹಾಕುತ್ತಾರೆ. ನೂರು ಮಕ್ಕಳಲ್ಲಿ ಸುಮಾರು 68 ಮಂದಿ 85ರಿಂದ 115ರ ನಡುವೆ ಬರುತ್ತಾರೆ. ನಿಮ್ಮ ಮಗ ಆ ಗೆರೆಗಿಂತ ಒಂದೇ ಒಂದು ಅಂಕ ಕೆಳಗಿದ್ದಾನೆ. ಬೌದ್ಧಿಕ ನ್ಯೂನತೆಯ ಮಾತು ಬರುವುದು ಸುಮಾರು 70ರ ಕೆಳಗೆ. ಅದೂ ಬರೀ ಅಂಕಿ ನೋಡಿ ಹೇಳುವುದಲ್ಲ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು, ಬಸ್ಸಿನಲ್ಲಿ ಒಬ್ಬನೇ ಓಡಾಡುವುದು, ತನ್ನ ಕೆಲಸ ತಾನು ಮಾಡಿಕೊಳ್ಳುವುದು ಇವೆಲ್ಲದರಲ್ಲೂ ವಯಸ್ಸಿಗಿಂತ ಹಿಂದಿದ್ದರೆ ಮಾತ್ರ. ಫುಟ್‌ವಾಲ್ವ್ ಬಿಚ್ಚಿ ಕಟ್ಟುವ ಹುಡುಗನ ವಿಷಯದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಮಾತು. ಅಡಿಕೆ ತೂಗುವ ತಕ್ಕಡಿಗೂ ಚೂರು ಹೆಚ್ಚುಕಮ್ಮಿ ಇರುವ ಹಾಗೆ ಒಳ್ಳೆಯ ಐಕ್ಯೂ ಪರೀಕ್ಷೆಯಲ್ಲೂ ಐದಾರು ಅಂಕ ಆಚೀಚೆ ಆಗುತ್ತದೆ. ಹಾಗಾಗಿ 84 ಎಂಬುದನ್ನು ‘78ರಿಂದ 90ರೊಳಗೆ ಎಲ್ಲೋ ಒಂದು ಕಡೆ’ ಎಂದು ಓದಿಕೊಳ್ಳಬೇಕು. ಇದು ಮಗು ಚೆನ್ನಾಗಿ ನಿದ್ದೆ ಮಾಡಿ, ಗಾಬರಿಯಿಲ್ಲದೆ, ತನಗೆ ಬರುವ ಭಾಷೆಯಲ್ಲಿ ಪರೀಕ್ಷೆ ಬರೆದ ದಿನದ ಮಾತು. ಎರಡು ಟೆಸ್ಟ್‌ನಲ್ಲಿ ಫೇಲಾಗಿ, ‘ಇವನಿಗೆ ಏನೋ ತೊಂದರೆ ಇದೆ, ತೋರಿಸಿ’ ಎಂಬ ಮಾತನ್ನು ಕಿವಿಯಾರೆ ಕೇಳಿ, ಗುರುತಿಲ್ಲದವರ ಮುಂದೆ ಕೂತ ಹುಡುಗನ ವಿಷಯದಲ್ಲಿ ಆ ಐದಾರು ಅಂಕದ ಅಂದಾಜೂ ಸಾಲದು.

ನಿಮ್ಮ ಕೈಯಲ್ಲಿರುವ ವರದಿ ತೆಗೆದು ನೋಡಿ. ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ ಎಂದು ಬರೆದಿದೆಯೇ? ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಮೂರು. ಬಿನೆ-ಕಾಮತ್ ಪರೀಕ್ಷೆ: 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ರೂಪಿಸಿದ ಪರೀಕ್ಷೆಯ ಮುಂದಿನ ರೂಪವನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಮಾಲಿನ್ ಪರೀಕ್ಷೆ: ಇದರಲ್ಲಿ ಮಾತಿನಲ್ಲಿ ಉತ್ತರಿಸುವ 6 ಭಾಗ, ಕೈಯಲ್ಲಿ ಮಾಡಿ ತೋರಿಸುವ 5 ಭಾಗ ಇರುತ್ತವೆ. ಮೂರನೆಯದು ರೇವನ್ ಮ್ಯಾಟ್ರಿಸಸ್: 1938ರದು, ಬರೀ ಆಕೃತಿಗಳು, ಭಾಷೆಯೇ ಬೇಡ. ಮಾಲಿನ್ ಪರೀಕ್ಷೆಯಾಗಿದ್ದರೆ ಒಟ್ಟು ಅಂಕಿಯನ್ನು ಬದಿಗಿಟ್ಟು ‘ವರ್ಬಲ್’ ಎಷ್ಟು, ‘ಪರ್ಫಾರ್ಮೆನ್ಸ್’ ಎಷ್ಟು ಎಂದು ನೋಡಿ. ಮಾತಿನ ಭಾಗದಲ್ಲಿ 74, ಕೈಕೆಲಸದ ಭಾಗದಲ್ಲಿ 96 ಹೀಗೇನಾದರೂ ಇದ್ದರೆ, ಅವೆರಡನ್ನೂ ಕಲಸಿ ಕೊಟ್ಟ ಸರಾಸರಿಗೆ ಅರ್ಥವೇ ಇಲ್ಲ. ಒಂದು ಕೈಗೆ ಬಿಸಿನೀರು, ಇನ್ನೊಂದು ಕೈಗೆ ತಣ್ಣೀರು ಹಾಕಿ ‘ಸರಾಸರಿ ಹದವಾಗಿದೆ’ ಅಂದ ಹಾಗಾಗುತ್ತದೆ. 15 ಅಂಕಕ್ಕಿಂತ ಹೆಚ್ಚು ಅಂತರ ಇದ್ದು, ಪರೀಕ್ಷೆ ಇಂಗ್ಲಿಷಿನಲ್ಲಿ ನಡೆದಿದ್ದರೆ ಆ ವರದಿಯನ್ನು ಕಪಾಟಿನಲ್ಲಿಟ್ಟುಬಿಡಿ. ಭಾಗಗಳ ಅಂಕ ಕೊಡದೆ ಬರೀ 84 ಎಂದು ಬರೆದಿದ್ದರೆ ವಿವರವಾದ ವರದಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಮರುಪರೀಕ್ಷೆಗೆ ಅವಸರ ಬೇಡ. ಅದೇ ಪರೀಕ್ಷೆಯನ್ನು ಕೆಲವೇ ತಿಂಗಳಲ್ಲಿ ಮತ್ತೆ ಮಾಡಿದರೆ ಅಭ್ಯಾಸಬಲದಿಂದಲೇ ಅಂಕ ಏರುತ್ತದೆ. ಒಂದು ವರ್ಷ ಬಿಟ್ಟು, ಕನ್ನಡದಲ್ಲಿ, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಮಾಡಿಸಬಹುದು.

ಇಲ್ಲಿ ಬಿನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಎಂದು ತಿಳಿಯಲು ಅವನು ಪರೀಕ್ಷೆ ಮಾಡಿದ್ದು. ಮಗುವಿನ ಬುದ್ಧಿ ಇಷ್ಟೇ, ಇನ್ನು ಏರುವುದಿಲ್ಲ ಎಂಬ ಮಾತನ್ನು ಅವನೇ ಕಟುವಾಗಿ ವಿರೋಧಿಸಿದ್ದ. ನೂರು ವರ್ಷದ ಮೇಲೂ ನಾವು ಆ ಅಂಕಿಯನ್ನು ಹಣೆಬರಹದ ಹಾಗೆ ಓದುತ್ತಿರುವುದು ನಿಜಕ್ಕೂ ನೋವಿನ ಸಂಗತಿ.

ಹುಟ್ಟಿನಿಂದ ಬರುವುದೇ ಎಂದು ಕೇಳಿದ್ದೀರಿ. ಒಂದು ಪಾಲು ಹೌದು, ಅನುವಂಶಿಕತೆ ಬುದ್ಧಿಮತ್ತೆಯಲ್ಲಿ ಇದೆ. ಆದರೆ ಅನುವಂಶಿಕ ಎಂದರೆ ಬದಲಾಗದ್ದು ಎಂದರ್ಥವಲ್ಲ. ಒಂದೇ ಚೀಲದ ಭತ್ತವನ್ನು ಮಳೆಯನ್ನೇ ನಂಬಿದ ಮಕ್ಕಿ ಗದ್ದೆಗೂ ಕೆರೆ ಕೆಳಗಿನ ಗದ್ದೆಗೂ ಬಿತ್ತಿದರೆ ಇಳುವರಿ ಒಂದೇ ಬರುತ್ತದೆಯೇ? ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ತೋರಿಸಿಕೊಟ್ಟ ಹಾಗೆ, 20ನೇ ಶತಮಾನದಲ್ಲಿ ಹಲವು ದೇಶಗಳ ಸರಾಸರಿ ಐಕ್ಯೂ ದಶಕಕ್ಕೆ ಸುಮಾರು 3 ಅಂಕದಂತೆ ಏರಿತು. ಅಷ್ಟು ಬೇಗ ವಂಶವಾಹಿ ಬದಲಾಗುವುದಿಲ್ಲ. ಊಟ, ಆರೋಗ್ಯ, ಶಾಲೆ ಬದಲಾದವು. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಹಾಕಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಒಂದು ವರ್ಷದ ಹೆಚ್ಚುವರಿ ಶಿಕ್ಷಣ ಐಕ್ಯೂವನ್ನು ಸುಮಾರು 1ರಿಂದ 5 ಅಂಕ ಏರಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯೋಚನೆ ಮಾಡುವಾಗ ಮನಸ್ಸು ಬೇಕಾದ ಸಂಗತಿಗಳನ್ನು ಆ ಕ್ಷಣಕ್ಕೆ ಎತ್ತಿ ಹಿಡಿದುಕೊಳ್ಳುವ ಒಂದು ಪುಟ್ಟ ಜಾಗವಿದೆ. ಮನೋವಿಜ್ಞಾನದಲ್ಲಿ ಅದಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅಲ್ಲಿ ಒಮ್ಮೆಗೆ ನಿಲ್ಲುವುದು ನಾಲ್ಕರ ಆಸುಪಾಸಿನ ಸಂಗತಿಗಳು ಮಾತ್ರ. ದೊಡ್ಡವರಿಗೂ ಅಷ್ಟೇ. ಎಂಟನೇ ತರಗತಿಯ ಒಂದು ಸಾದಾ ಲೆಕ್ಕವನ್ನು ಇಟ್ಟುಕೊಂಡು ಇದನ್ನು ನೋಡೋಣ. ‘ಎ ಷಾಪ್‌ಕೀಪರ್ ಮಾರ್ಕ್ಸ್ ಹಿಸ್ ಗೂಡ್ಸ್ 20 ಪರ್ಸೆಂಟ್ ಅಬೌವ್ ಕಾಸ್ಟ್ ಪ್ರೈಸ್ ಅಂಡ್ ಅಲೌಸ್ ಎ ಡಿಸ್ಕೌಂಟ್ ಆಫ್ 10 ಪರ್ಸೆಂಟ್.’ ಲಾಭ ಶೇಕಡಾ ಎಷ್ಟು?

ನಿಮ್ಮ ಮಗನಿಗೆ ‘ಮಾರ್ಕ್ಸ್’ ಎಂದರೆ ಪರೀಕ್ಷೆಯ ಅಂಕ. ಅಂಗಡಿಯವನಿಗೆ ಯಾತರ ಅಂಕ? ಇಲ್ಲಿ ಅದರ ಅರ್ಥ ಬೆಲೆ ನಮೂದಿಸುತ್ತಾನೆ ಎಂದು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಜಾಗ ಹೋಯಿತು. ‘ಅಲೌಸ್’ ಎಂದರೆ ಬಿಡುತ್ತಾನೆ, ಒಳಗೆ ಬಿಡುತ್ತಾನೋ, ಬೆಲೆಯಲ್ಲಿ ಬಿಡುತ್ತಾನೋ? ಇನ್ನೊಂದು ಜಾಗ. ಪಕ್ಕದವರು ಆಗಲೇ ಪೆನ್ನು ಕೆಳಗಿಟ್ಟರಲ್ಲ ಎಂಬ ಗಾಬರಿ ಮೂರನೆಯದನ್ನು ತಿಂದಿತು. 20 ಮತ್ತು 10 ಎಂಬ ಎರಡು ಶೇಕಡಾಗಳನ್ನು ಇಟ್ಟುಕೊಳ್ಳಲು ಇನ್ನು ಜಾಗ ಎಲ್ಲಿದೆ? 20ರಲ್ಲಿ 10 ಕಳೆದು ‘10’ ಎಂದು ಬರೆದು ಕೂರುತ್ತಾನೆ. ಇದೇ ಲೆಕ್ಕವನ್ನು ‘500 ರೂಪಾಯಿಗೆ ಕೊಂಡಿದ್ದಕ್ಕೆ ನೂರಕ್ಕೆ ಇಪ್ಪತ್ತರಂತೆ ಏರಿಸಿ ಚೀಟಿ ಅಂಟಿಸಿದ, ಆಮೇಲೆ ಚೀಟಿಯ ಬೆಲೆಯಲ್ಲಿ ನೂರಕ್ಕೆ ಹತ್ತು ಸೋಡಿ ಬಿಟ್ಟ’ ಎಂದು ಕೇಳಿ ನೋಡಿ. 600, ಅದರಲ್ಲಿ 60 ಹೋದರೆ 540, ಉಳಿದದ್ದು 40, ನೂರಕ್ಕೆ 8. ಅಡಿಕೆ ಲೆಕ್ಕ ಬಾಯಲ್ಲಿ ಮಾಡುವವನಿಗೆ ಇದು ಹೆಚ್ಚೇನಲ್ಲ. ಈ ವಾರಾಂತ್ಯದಲ್ಲೇ ಇಂಥ ಐದು ಲೆಕ್ಕಗಳನ್ನು ಎರಡೂ ಭಾಷೆಯಲ್ಲಿ ಕೊಡಿಸಿ. ಕನ್ನಡದಲ್ಲಿ ನಾಲ್ಕು ಸರಿ, ಇಂಗ್ಲಿಷಿನಲ್ಲಿ ಒಂದು ಸರಿ ಬಂದರೆ ತೊಂದರೆ ಗಣಿತದ್ದಲ್ಲ ಎಂಬುದು ನಿಮಗೇ ಕಣ್ಣಿಗೆ ಕಾಣುತ್ತದೆ. ಎರಡರಲ್ಲೂ ಬರದಿದ್ದರೆ ಹಿಂದಿನ ತರಗತಿಯ ಶೇಕಡಾ, ಭಿನ್ನರಾಶಿಗೇ ಹೋಗಿ ಶುರುಮಾಡಬೇಕು.

ಹೊಸ ಭಾಷೆಯಲ್ಲಿ ಆಟವಾಡಲು, ಅಂಗಡಿಯಲ್ಲಿ ಕೇಳಲು ಒಂದೆರಡು ವರ್ಷ ಸಾಕು. ಪಾಠದ ಭಾಷೆಯಲ್ಲಿ ಯೋಚಿಸಿ ಬರೆಯಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂದು ದ್ವಿಭಾಷಾ ಶಿಕ್ಷಣದ ಮೇಲೆ ಕೆಲಸ ಮಾಡಿದ ಜಿಮ್ ಕಮಿನ್ಸ್ ತೋರಿಸಿದ್ದಾರೆ. ಮೂರು ತಿಂಗಳಲ್ಲಿ ಅದು ಬರಲಿಲ್ಲ ಎಂದು ಹುಡುಗನನ್ನು ದಡ್ಡ ಅನ್ನುವುದು ಅನ್ಯಾಯ.

ಸಾಲದ ಚಿಂತೆಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದು ದೊಡ್ಡ ವಿಷಯವಾಗಿ ಕಾಣುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅದೇ ರೈತರಿಗೆ ಕಟಾವಿನ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಇನ್ನೊಮ್ಮೆ ರೇವನ್ ಮಾದರಿಯ ಆಕೃತಿ ಪರೀಕ್ಷೆ ಕೊಟ್ಟರು. ದುಡ್ಡು ಬರುವ ಮುಂಚೆ ಅಂಕ ಸ್ಪಷ್ಟವಾಗಿ ಕಡಿಮೆ ಇತ್ತು. ಮನುಷ್ಯ ಅವನೇ, ತಲೆ ಅದೇ. ಇದೇ ಸಂಶೋಧನೆಯ ಬೇರೆ ಪ್ರಯೋಗಗಳ ಬಗ್ಗೆ ಆಮೇಲೆ ವಾದಗಳು ಎದ್ದಿವೆ, ಆದರೆ ಚಿಂತೆ ಯೋಚನೆಯ ಜಾಗವನ್ನು ಕಬಳಿಸುತ್ತದೆ ಎಂಬುದಕ್ಕೆ ಬೇರೆ ಕಡೆಯಿಂದಲೂ ಸಾಕಷ್ಟು ಆಧಾರವಿದೆ. ಮಲೆನಾಡಿನ ಅಡಿಕೆ ಮನೆಗಳಲ್ಲಿ ಮಳೆಗಾಲವೇ ಆ ಬರಿಗೈ ಕಾಲ. ಔಷಧಿ ಹೊಡೆಸುವ ಖರ್ಚು ಈಗ, ಕೊಯ್ಲು ಇನ್ನೂ ಮುಂದೆ. ಟೆಸ್ಟ್‌ಗಳು ಬಿದ್ದದ್ದೂ ಇದೇ ತಿಂಗಳುಗಳಲ್ಲಿ. ಫೋನಿನ ಆ ಬದಿಯಿಂದ ಅಪ್ಪನ ದನಿ ಕೇಳಿಯೇ ಮಕ್ಕಳು ಮನೆಯ ಸ್ಥಿತಿ ಅಂದಾಜು ಮಾಡುತ್ತಾರೆ. ‘ನನ್ನ ಫೀಸಿಗಾಗಿಯೇ ಸಾಲ ಮಾಡಿದರೇನೋ’ ಎಂದು ಹದಿಮೂರರ ಹುಡುಗ ಒಳಗೊಳಗೇ ಕೊರಗುವುದು ಸಾಮಾನ್ಯ.

ಮುಚ್ಚಿಡುವುದರಿಂದ ಇದು ಹೋಗುವುದಿಲ್ಲ. ಅವನ ಅಪ್ಪನೇ ಫೋನಿನಲ್ಲಲ್ಲ, ಎದುರು ಕೂತು ಮೂರು ಮಾತು ಹೇಳಲಿ: ‘ಈ ವರ್ಷ ತೋಟಕ್ಕೆ ರೋಗ ಬಂದಿರೋದು ನಿಜ. ನಿನ್ನ ಈ ವರ್ಷದ ಫೀಸು ಕಟ್ಟಿ ಆಗಿದೆ. ಸಾಲ ತೀರಿಸೋದು ನನ್ನ ಕೆಲಸ, ನಿನ್ನದಲ್ಲ.’ ನಿಜವಾಗಿಯೂ ಕಟ್ಟಿ ಆಗಿದ್ದರೆ ಮಾತ್ರ ಹಾಗೆ ಹೇಳಿ. ‘ನಿನಗೋಸ್ಕರ ಇಷ್ಟೆಲ್ಲ ಕಷ್ಟಪಡ್ತಿದ್ದೀವಿ, ನೀನು ಹೀಗೆ ಮಾಡಿದ್ಯಲ್ಲ’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಬೇಕು. ಹುಮ್ಮಸ್ಸು ಬರಲಿ ಎಂದು ಆಡುವ ಆ ಮಾತು ಪ್ರಶ್ನೆಪತ್ರಿಕೆ ಕೈಗೆ ಬಂದ ಗಳಿಗೆಯಲ್ಲಿ ತಲೆಯೊಳಗೆ ಮೊಳಗತೊಡಗುತ್ತದೆ.

ಹಣೆಪಟ್ಟಿ ಹಚ್ಚುವುದೂ ಹೀಗೇ ಕೆಲಸ ಮಾಡುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿ ಶಾಲೆಗಳ ಆರು-ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟಿದ್ದರು. 2006ರಲ್ಲಿ ಅದು ಪ್ರಕಟವಾಯಿತು. ಯಾರು ಯಾವ ಜಾತಿ ಎಂದು ಹೇಳದೆ ಬಿಡಿಸಿದಾಗ ಮೇಲ್ಜಾತಿ, ಕೆಳಜಾತಿ ಎನ್ನಿಸಿಕೊಂಡ ಹುಡುಗರ ನಡುವೆ ವ್ಯತ್ಯಾಸವೇ ಇರಲಿಲ್ಲ. ಎಲ್ಲರೆದುರು ಹೆಸರು, ಜಾತಿ ಓದಿ ಹೇಳಿ ಬಿಡಿಸಲು ಕೊಟ್ಟಾಗ ಕೆಳಜಾತಿ ಎನ್ನಿಸಿಕೊಂಡ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ನಿಮ್ಮ ಮಗನ ತರಗತಿಯಲ್ಲಿ ‘ಹಳ್ಳಿಯವನು’, ‘ಕನ್ನಡ ಮೀಡಿಯಂ’ ಎಂಬ ಮಾತು ಎಷ್ಟು ಬಾರಿ ಎಲ್ಲರೆದುರು ಬೀಳುತ್ತದೆ ಎಂದು ವಿಚಾರಿಸಿ. ಅಣ್ಣನ ಮನೆಯಲ್ಲಿ ಅವನ ಓರಗೆಯ ಮಕ್ಕಳಿದ್ದು, ಅತ್ತೆ-ಮಾವ ಹೋಲಿಸಿ ಮಾತಾಡುತ್ತಿದ್ದರೆ ಅದನ್ನೂ ನಿಲ್ಲಿಸಬೇಕು. ಮತ್ತೆ, 84 ಎಂಬ ಅಂಕಿ ಈವರೆಗೆ ಎಷ್ಟು ಕಿವಿಗೆ ಬಿದ್ದಿದೆಯೋ ಅಲ್ಲಿಗೇ ಸಾಕು. ‘ಮಂಡೆಗೆ ಹತ್ತಲ್ಲ’ ಎಂದು ಅವನ ಮುಂದೆ ಯಾರೂ ಆಡದ ಹಾಗೆ ನೀವೇ ಗಟ್ಟಿಯಾಗಿ ನಿಲ್ಲಬೇಕು, ಹಿರಿಯರು ಆಡಿದರೂ ಸರಿಯೇ.

ಶಿಕ್ಷಕರ ನಿರೀಕ್ಷೆಯೂ ಒಂದು ಅಂಶ. 1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್‌ಸನ್ ಅಮೆರಿಕದ ಶಾಲೆಯೊಂದರಲ್ಲಿ ಕಣ್ಣುಮುಚ್ಚಿ ಆರಿಸಿದ ಶೇ. 20 ಮಕ್ಕಳನ್ನು ‘ಇವರು ಈ ವರ್ಷ ಅರಳುತ್ತಾರೆ’ ಎಂದು ಶಿಕ್ಷಕರಿಗೆ ಹೇಳಿದ್ದರು. ಒಂದು, ಎರಡನೇ ತರಗತಿಯ ಅಂಥ ಮಕ್ಕಳ ಅಂಕ ನಿಜವಾಗಿ ಏರಿತು. ಮೇಲಿನ ತರಗತಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ, ಮುಂದಿನ ಅಧ್ಯಯನಗಳಲ್ಲೂ ಪರಿಣಾಮ ಸಣ್ಣದೇ. ಆದ್ದರಿಂದ ಶಿಕ್ಷಕರ ಮೇಲೆ ತಪ್ಪು ಹೊರಿಸಲು ಹೋಗಬೇಡಿ. ಗಣಿತದ ಮೇಷ್ಟ್ರನ್ನು ಒಬ್ಬರೇ ಇರುವಾಗ ಕಂಡು ಮೂರು ಸಹಾಯ ಕೇಳಿ: ಮುಂದಿನ ಎರಡು ಸಾಲಿನಲ್ಲಿ ಕೂರಿಸುವುದು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಐದು ಸೆಕೆಂಡ್ ಕಾಯುವುದು, ದಸರಾವರೆಗೆ ಕನ್ನಡದಲ್ಲಿ ಉತ್ತರಿಸಿದರೂ ಒಪ್ಪಿಕೊಳ್ಳುವುದು.

ಇಷ್ಟೆಲ್ಲ ಮನಸ್ಸಿನ ಮಾತಾಯಿತು. ಆದರೆ ದೇಹವನ್ನು ಪರೀಕ್ಷಿಸದೆ ಮನಸ್ಸಿನ ಕಡೆ ಹೋಗುವುದು ತಪ್ಪು. ಕಣ್ಣು ಮೊದಲು: 12-13ರಲ್ಲಿ ದೂರದ್ದು ಮಸುಕಾಗುವುದು ಬಹಳ ಸಾಮಾನ್ಯ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ, ಬೋರ್ಡ್ ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ನಮ್ಮ ಮಳೆಗಾಲದ ಶೀತದಲ್ಲಿ ಕಿವಿ ಸೋರುವ ಮಕ್ಕಳಿಗೆ ಕಿವಿ ಮಂದವಾಗುತ್ತದೆ. ಗೊತ್ತಿರುವ ಭಾಷೆಯಲ್ಲಿ ಅರ್ಧ ಕೇಳಿಸಿದರೂ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ, ಗೊತ್ತಿಲ್ಲದ ಭಾಷೆಯಲ್ಲಿ ಅದು ಆಗದು. ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಗಮನ ನಿಲ್ಲದಿರುವುದು, ಬೇಗ ಸುಸ್ತಾಗುವುದು ಅದರ ಲಕ್ಷಣ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ಕಬ್ಬಿಣಾಂಶದ ಮಾತ್ರೆ, ಮಧ್ಯಾಹ್ನದ ಬಿಸಿಯೂಟ ಎರಡೂ ಈಗ ತಪ್ಪಿವೆ ಎಂಬುದನ್ನು ಗಮನಿಸಿದ್ದೀರಾ? ಊಟದ ಹಿಂದೆಯೇ ಚಹಾ, ಕಾಫಿ ಕುಡಿದರೆ ಇರುವ ಕಬ್ಬಿಣಾಂಶವೂ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಡಬೇಕು. ಮಾತಿನ ನಡುವೆ ಕೆಲವು ಸೆಕೆಂಡ್ ಕಣ್ಣು ನೆಟ್ಟು ನಿಂತು, ಕರೆದರೂ ಓಗೊಡದೆ, ಮತ್ತೆ ಏನೂ ಆಗದವನಂತೆ ಮುಂದುವರಿಯುತ್ತಾನಾದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.

ನಿದ್ದೆ ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಬೆಳಗಿನ ಜಾವ ಟ್ಯೂಷನ್, ರಾತ್ರಿ 11ಕ್ಕೆ ಹೋಂವರ್ಕ್ ಎಂದಿದ್ದರೆ ಮೊದಲು ಬಿಡಿಸಬೇಕಾದದ್ದು ಟ್ಯೂಷನ್. ಹಗಲು ಕಲಿತದ್ದು ನೆಲೆಯೂರುವುದೇ ನಿದ್ದೆಯಲ್ಲಿ.

ಕಲಿಕಾ ನ್ಯೂನತೆ, ಅದರಲ್ಲೂ ಓದು-ಬರಹಕ್ಕೆ ತೊಡಕಾಗುವ ಡಿಸ್ಲೆಕ್ಸಿಯಾ ಇದ್ದೀತೇ ಎಂದೂ ಕೇಳಿಕೊಳ್ಳಬೇಕು. ಏಳನೇ ತರಗತಿವರೆಗೆ ಕನ್ನಡದಲ್ಲಿ ಮುಂದಿದ್ದನಾದ್ದರಿಂದ ಸಾಧ್ಯತೆ ಕಡಿಮೆ. ಆದರೂ ಐದನೇ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ, 20 ಪದ ಉಕ್ತಲೇಖನ ಬರೆಸಿ. ‘ಭಾಷೆ’ಯನ್ನು ‘ಬಾಷೆ’ ಎಂದೂ ‘ಧನ’ವನ್ನು ‘ದನ’ ಎಂದೂ ಬರೆದರೆ ಹೆದರಬೇಡಿ, ಅದು ಅವನು ಆಡುವ ಮಾತಿನ ಪ್ರಭಾವ. ನಮ್ಮ ಕಡೆ ದಿನದ ಮಾತಿನಲ್ಲಿ ಮಹಾಪ್ರಾಣವೇ ಕೇಳಿಸುವುದಿಲ್ಲ. ಒತ್ತಕ್ಷರ ಬಿಡುವುದು, ‘ಸ್ನಾನ’ದ ಒತ್ತು ಅದಲುಬದಲಾಗುವುದು, ‘ಮರ’ವನ್ನು ‘ರಮ’ ಎಂದು ಓದುವುದು, ಒಂದು ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುವುದು ಇವು ಬೇರೆ ಜಾತಿಯ ತಪ್ಪುಗಳು. ಅವು ಕಂಡರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಸೇರಿದೆ, ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಸಿಗುತ್ತದೆ.

ಇನ್ನು ಮಾಡಬೇಕಾದ ಕೆಲಸ. ಅರ್ಧವಾರ್ಷಿಕ ಪರೀಕ್ಷೆಯವರೆಗಿನ ಆರು ವಾರ ಇದನ್ನು ಮಾಡಿ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಎಂಟನೇ ತರಗತಿಯ ಅದೇ ಗಣಿತ, ವಿಜ್ಞಾನದ ಕನ್ನಡ ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅಣ್ಣನಿಗೆ ಹೇಳಿ ಜೆರಾಕ್ಸ್ ಮಾಡಿಸಿ. ನಾಳೆ ನಡೆಯುವ ಪಾಠವನ್ನು ಇವತ್ತು ಸಂಜೆ 20 ನಿಮಿಷ ಕನ್ನಡದಲ್ಲಿ ಓದಲಿ. ಪಾಠ ಆದ ಮೇಲಲ್ಲ, ಮುಂಚೆ. ಆಗ ಕ್ಲಾಸಿನಲ್ಲಿ ವಿಷಯವೂ ಹೊಸದು, ಭಾಷೆಯೂ ಹೊಸದು ಎಂಬ ಎರಡು ಹೊರೆ ಒಟ್ಟಿಗೆ ಬೀಳುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದು ದಿನಕ್ಕೆ ಎಂಟು ಪದ ಬರೆಯಲಿ: ಇಂಗ್ಲಿಷ್ ಪದ, ಕನ್ನಡ ಪದ, ತನ್ನದೇ ಒಂದು ಉದಾಹರಣೆ. ‘ಡಿನಾಮಿನೇಟರ್’ಗೆ ಛೇದ, ‘ಫ್ರಿಕ್ಷನ್’ಗೆ ಘರ್ಷಣೆ, ‘ಪ್ರೆಷರ್’ಗೆ ಒತ್ತಡ. ಈ ಕೆಲಸ ಕೆಡುವುದು ಮೂರನೇ ಅಂಕಣದಲ್ಲಿ. ಗೈಡ್ ನೋಡಿ ನಕಲು ಮಾಡಿದರೆ ತಲೆಗೆ ಏನೂ ಹೋಗುವುದಿಲ್ಲ. ‘ಪ್ರೆಷರ್’ ಮುಂದೆ ಅವನು ಫುಟ್‌ವಾಲ್ವ್ ಚಿತ್ರ ಬರೆಯಲಿ. ಮೋಟಾರು ನೀರನ್ನು ‘ಎಳೆಯುವುದಿಲ್ಲ’, ಪೈಪಿನೊಳಗಿನ ಒತ್ತಡ ಇಳಿಸುತ್ತದೆ. ಹೊರಗಿನ ಗಾಳಿಯ ಒತ್ತಡ ಬಾವಿಯ ನೀರನ್ನು ಪೈಪಿನೊಳಗೆ ತಳ್ಳುತ್ತದೆ. ಸಕ್ಷನ್ ಪೈಪಿನ ಜಾಯಿಂಟ್ ಸಡಿಲವಾಗಿ ಗಾಳಿ ಎಳೆದರೆ ನೀರು ಏಕೆ ಏರುವುದಿಲ್ಲ ಎಂಬುದು ಅವನ ಕೈಗೆ ಆಗಲೇ ಗೊತ್ತಿದೆ. ಎಂಟನೇ ತರಗತಿಯ ಒತ್ತಡದ ಪಾಠ ಇದೇ.

ಇದಲ್ಲದೆ ಇನ್ನೊಂದು 20 ನಿಮಿಷ, ಆಗಲೇ ಆದ ಪಾಠವನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಬೇಕು. ಮತ್ತೆ ಮತ್ತೆ ಓದುವುದಕ್ಕಿಂತ ಇದು ಹೆಚ್ಚು ನಿಲ್ಲುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವಾರದ ನಂತರ, ಎರಡು ಸಲ ಓದಿದವರಿಗೆ ಶೇ. 42 ನೆನಪಿತ್ತು, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರಿಗೆ ಶೇ. 56. ಐದೇ ನಿಮಿಷದ ನಂತರ ಕೇಳಿದಾಗ ಮಾತ್ರ ಬರೀ ಓದಿದವರೇ ಮುಂದಿದ್ದರು. ಹಾಗಾಗಿಯೇ ಮಕ್ಕಳು ಮೋಸ ಹೋಗುವುದು. ಓದಿದ ತಕ್ಷಣ ಎಲ್ಲ ಬಂದ ಹಾಗೆ ಅನ್ನಿಸುತ್ತದೆ. ಅದೇ ಪಾಠವನ್ನು ಮರುದಿನ, ಮೂರನೇ ದಿನ, ಏಳನೇ ದಿನ ಹೀಗೆ ನೆನಪಿನಿಂದ ಬರೆಸಿ. ಮೊದಲ ವಾರ ಪುಟದಲ್ಲಿ ಖಾಲಿಯೇ ಹೆಚ್ಚಿರುತ್ತದೆ. ಬೈಯದೆ, ಪುಸ್ತಕ ತೆಗೆದು ಬಿಟ್ಟದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿಸಲು ಹೇಳಿ.

ಪರೀಕ್ಷೆಯ ಬೆಳಿಗ್ಗೆ 10 ನಿಮಿಷ ತನ್ನ ಭಯವನ್ನೆಲ್ಲ ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆಯಲಿ, ಆ ಹಾಳೆಯನ್ನು ಯಾರೂ ಓದಬಾರದು. ಹೀಗೆ ಬರೆದವರಲ್ಲಿ, ಅದರಲ್ಲೂ ಪರೀಕ್ಷೆಗೆ ಹೆಚ್ಚು ಹೆದರುವವರಲ್ಲಿ ಫಲಿತಾಂಶ ಸುಧಾರಿಸಿದ್ದನ್ನು ರಮೀರೆಜ್ ಮತ್ತು ಬೈಲಾಕ್ 2011ರಲ್ಲಿ ತೋರಿಸಿದ್ದಾರೆ.

ಹೊಗಳಿಕೆಯಲ್ಲೂ ಎಚ್ಚರ ಬೇಕು. ‘ನೀನು ಜಾಣ’ ಎನ್ನಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಲೆಕ್ಕದಲ್ಲಿ ಎಡವಿದಾಗ ಬೇಗ ಕೈಚೆಲ್ಲಿದರು, ‘ಚೆನ್ನಾಗಿ ಪ್ರಯತ್ನಪಟ್ಟೆ’ ಎನ್ನಿಸಿಕೊಂಡವರು ಹಿಡಿದು ಕೂತರು ಎಂದು ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಕಂಡರು. ಬುದ್ಧಿ ಬೆಳೆಯುತ್ತದೆ ಎಂದು ನಂಬಿಸಿದರೆ ಪವಾಡವಾಗುತ್ತದೆ ಎಂದು ಈಗ ಎಲ್ಲೆಲ್ಲೂ ಮಾರುವವರಿದ್ದಾರೆ. ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಇಂಥದ್ದೇ ಪ್ರಯೋಗದಲ್ಲಿ ಓದಿನಲ್ಲಿ ಹಿಂದಿದ್ದವರ ಅಂಕ ಏರಿದ್ದು ನಾಲ್ಕು ಚಿಲ್ಲರೆ ಗ್ರೇಡ್ ಪಾಯಿಂಟಿನ ಅಳತೆಯಲ್ಲಿ 0.1ರಷ್ಟು ಮಾತ್ರ. ಮಾತಿನ ಜತೆ ಮೇಲೆ ಹೇಳಿದ ಕೆಲಸವೂ ಆಗಬೇಕು.

ಫೋನಿನಲ್ಲಿ ಮಾತಾಡುವುದಿಲ್ಲ ಎಂದಿದ್ದೀರಿ. ನೀವು ಮೊದಲು ಕೇಳುವುದು ಮಾರ್ಕ್ಸ್ ಆಗಿದ್ದರೆ ಅವನಿಗೆ ಹೇಳಲು ಏನಿದೆ? ‘ಮೋಟಾರು ಓಡ್ತದೆ, ನೀರು ಬರ್ತಿಲ್ಲ, ಏನು ನೋಡಬೇಕು ಮಗಾ?’ ಎಂದು ಕೇಳಿ, ನಿಜವಾಗಿ ಹಾಗಾದ ದಿನ. ತನಗೆ ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆ ಎಂಬುದು ಈಗ ಅವನಿಗೆ ಬಹಳ ಬೇಕಾಗಿದೆ. ಹತ್ತು ನಿಮಿಷ ಸಾಕು. ಮಾರ್ಕ್ಸ್ ಮಾತು ವಾರಕ್ಕೊಂದೇ ದಿನ ಇರಲಿ.

ವಾಪಸ್ ಕರೆಸುವ ತೀರ್ಮಾನ ಈಗ ಬೇಡ, ಅರ್ಧವಾರ್ಷಿಕ ಮುಗಿದು ದಸರಾ ರಜೆಗೆ ಬಂದಾಗ ಮಾಡಿ. ಅಂಕ ಐದಾರು ಏರಿದ್ದು, ಮನೆ ಬಿಡುವಾಗ ಅಳದೆ ಹೊರಟರೆ ಅಲ್ಲೇ ಇರಲಿ. ಆರು ವಾರ ಸರಿಯಾಗಿ ಮಾಡಿಯೂ ಅಲ್ಲಾಡದಿದ್ದರೆ, ಒಂಬತ್ತಕ್ಕೆ ಹೋಗುವ ಮುಂಚೆ ಕನ್ನಡ ಮಾಧ್ಯಮಕ್ಕೆ ಬದಲಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆಗಲೂ ‘ಆಗಲಿಲ್ಲ, ವಾಪಸ್ ಬಂದ’ ಎಂಬ ಮಾತು ಕೂಡದು. ‘ನಾವು ದುಡುಕಿ ಬದಲಿಸಿದೆವು’ ಎಂದು ನೀವೇ ಹೇಳಿ, ಅದು ಸತ್ಯವೂ ಹೌದು.

ಆದರೆ ಕಾಯಬಾರದ ಸಂದರ್ಭಗಳಿವೆ. ಎರಡು ವಾರಕ್ಕೂ ಮೇಲ್ಪಟ್ಟು ಊಟ, ನಿದ್ದೆ ಕೆಟ್ಟಿದ್ದರೆ, ಸೋಮವಾರ ಬಂತೆಂದರೆ ಹೊಟ್ಟೆನೋವು ಎನ್ನುತ್ತಿದ್ದರೆ, ಇಷ್ಟದ ಕೆಲಸವನ್ನೂ ಮುಟ್ಟದಿದ್ದರೆ ತಜ್ಞರಿಗೆ ತೋರಿಸಿ. ಸಾಯುವ ಮಾತು ಒಂದೇ ಒಂದು ಸಲ ಬಂದರೂ ಅದೇ ದಿನ ಹೊರಡಿ, ಅವನನ್ನು ಒಬ್ಬನೇ ಬಿಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆಸ್ಪತ್ರೆಗೆ ಹೋಗುವಾಗ ಐಕ್ಯೂ ವರದಿಯ ಜೊತೆ ಏಳನೇ ತರಗತಿಯ ಅಂಕಪಟ್ಟಿ, ಈ ವರ್ಷದ ಎರಡು ಉತ್ತರಪತ್ರಿಕೆ, ಅವನ ಕನ್ನಡ ಉಕ್ತಲೇಖನದ ಹಾಳೆ, ಕನ್ನಡ-ಇಂಗ್ಲಿಷ್ ಎರಡರಲ್ಲೂ ಮಾಡಿಸಿದ ಆ ಐದು ಲೆಕ್ಕ ಇಷ್ಟನ್ನೂ ಒಂದು ಫೈಲಿನಲ್ಲಿ ಹಾಕಿ ಒಯ್ಯಿರಿ.